ಜಯಾಳ ಎಡಗಾಲು

ಗೋಪನಕೊಪ್ಪದ ಆ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಜಯಾಳ ಮನೆಯ ಕಟ್ಟೆಯ ಮೇಲೆ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ಆ ದಿನ ಮಲಗಿದ್ದವಳು ಎದುರುಮನೆಯ ಸತ್ಯವ್ವ.

"ಹಗರಕ ಇಡವ್ವಾ ಜಯಾ. ನಿನ್ನಿ ಕೊಡಾ ಎತ್ತೂ ಮುಂದ ನಡಾ ಹಿಡದಬಿಟ್ಟೈತಿ."

ಜಯಾ ಗೋಡೆ ಹಿಡಿದು ನಿಂತು, ಎಡಗಾಲಿನ ಪಾದವನ್ನು ಸತ್ಯವ್ವನ ಸೊಂಟದ ಮೇಲೆ ಮೂರು ಸಲ ಒತ್ತಿ ತೆಗೆದಳು. ಹುಟ್ಟುವಾಗ ಕಾಲು ಮುಂದಾಗಿ ಬಂದವಳು ಅವಳು. ಅಂಥವರು ತುಳಿದರೆ ಬೆನ್ನಿನ ಉಳುಕು ಇಳಿಯುತ್ತದೆಂದು ಓಣಿಯವರ ನಂಬಿಕೆ. ಬಿ.ಎ. ಮುಗಿಸಿ ಎರಡು ವರ್ಷವಾದರೂ ನಾಲ್ಕು ಜನರೆದುರು ಬಾಯಿ ತೆರೆಯಲು ಹೆದರುವ ಹುಡುಗಿಯನ್ನು ಜನ ಹುಡುಕಿಕೊಂಡು ಬರುತ್ತಿದ್ದುದು ಆ ಒಂದು ಪಾದಕ್ಕಾಗಿ.

"ಆತ್ ನೋಡ, ಹೂವಿನ್ಹಂಗ ಆತು!" ಸತ್ಯವ್ವ ಎದ್ದು ಸೀರೆ ಕೊಡವಿಕೊಂಡಳು. "ರೇಣವ್ವಾ, ಮಗಳ ಲಗ್ನಾ ಮಾಡಿದರೂ ಈ ಕಾಲ ಒಂದ ಇಲ್ಲೇ ಬಿಟ್ಟ ಹೋಗಂತ ಹೇಳ!"

ಒಳಗೆ ಖಾನಾವಳಿಗೆ ಕೊಡುವ ರೊಟ್ಟಿ ಬಡಿಯುತ್ತಿದ್ದ ರೇಣವ್ವ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಹಿಟ್ಟಿನ ಕೈ ಬೆನ್ನಿಗೆ ಹೋಯಿತು.

ಜಯಾ ಅದನ್ನು ಕಂಡಳು. ಮೂರು ತಿಂಗಳಿಂದ ಕಾಣುತ್ತಲೇ ಇದ್ದಳು.

ಮೂರು ವರ್ಷದ ಹಿಂದೆ ರೇಣವ್ವನ ಎದೆಯಲ್ಲಿ ಗಂಟು ಸಿಕ್ಕಿತ್ತು. ಆಪರೇಷನ್, ಕೀಮೋ, ಜನ ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಎಲ್ಲ ಮುಗಿದ ದಿನ ಅವಳ ಗಂಡ ಮೈಲಾರಲಿಂಗಪ್ಪ ಮಠದಲ್ಲಿ ಐದು ಕಾಯಿ ಒಡೆಸಿ, ಆಸ್ಪತ್ರೆಯ ಫೈಲನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟ. ಅದನ್ನು ಬಿಚ್ಚಿದರೆ ರೋಗವನ್ನೇ ಬಿಚ್ಚಿದಂತೆ ಎಂಬುದು ಅವನ ಮಾತು. ತಪಾಸಣೆಗೆ ಒಂದು ಸಲ ಹೋಗಿ ಬಂದದ್ದಷ್ಟೇ. ಆಮೇಲೆ ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂಬ ಹೆಸರೆತ್ತಲಿಲ್ಲ.

ಮರುದಿನ ಕಾರ್ಖಾನೆಗೆ ಹೊರಟು ಬೂಟು ಕಟ್ಟುತ್ತಿದ್ದ ಅಪ್ಪನ ಬಳಿ ಜಯಾ ನಿಂತಳು.

"ಅಪ್ಪಾ, ಅವ್ವನ ಬೆನ್ನ... ಒಮ್ಮೆ ತೋರಿಸ್ಕೊಂಡ ಬರೂಣೇನ?"

"ದಿನಾ ನೂರ ರೊಟ್ಟಿ ಬಡಿಯಾಕಿ ಬೆನ್ನ ನೋಯಲಾರದ ಇರತೈತೇನ? ಅದಕ್ಕೂ ಇದಕ್ಕೂ ಏನ ಸಂಬಂಧ?" ಅವನು ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದ. "ಆ ವರಾಂಡಾದಾಗ ಕುಂತು, ಹೆಸರ ಕರಿಯೂತನಾ ಕಾಯೂದು... ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ, ಜಯಾ."

ಅವಳು ಮತ್ತೆ ಕೇಳದೆ ಅವನ ಊಟದ ಡಬ್ಬಿ ತಂದುಕೊಟ್ಟಳು. ಸುಮ್ಮನಾಗುವುದು ಅವಳಿಗೆ ಸುಲಭವೂ ಆಗಿತ್ತು.

"ನಿನ್ನ ಕಾಲ ಮನ್ಯಾಗ ಇರೂ ಮುಂದ ನನಗ ಯಾವ ಡಾಕ್ಟರ?" ಎಂದು ರೇಣವ್ವ ಚಾಪೆಯ ಮೇಲೆ ಬೋರಲು ಮಲಗಿದಳು. ಜಯಾ ಪಾದವಿಟ್ಟಳು. ಅಮ್ಮನ ಮೈ ಒಮ್ಮೆ ಬಿಗಿದು ಸಡಿಲಾಯಿತು. "ಹೋತವ್ವಾ, ಪೂರಾ ಹೋತು," ಎಂದಳು. ಪ್ರತಿಸಲವೂ ಹಾಗೆಯೇ ಎನ್ನುತ್ತಿದ್ದಳು. ಜಯಾಳಿಗೆ ನಂಬಬೇಕಾಗಿತ್ತು, ನಂಬಿದಳು.

ಹದಿನೈದು ದಿನ ಕಳೆದಿರಬೇಕು. ರೇಣವ್ವ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬಂದಳು.

"ಏನ ರೇಣವ್ವಾ, ಒಂದ ಚಪ್ಪಲಿ ಗಿರಣಿಯವಗ ಕಾಣಿಕಿ ಕೊಟ್ಟ ಬಂದಿಯೇನ?" ಸತ್ಯವ್ವ ಎದುರಿನಿಂದ ಕೂಗಿದಳು.

ರೇಣವ್ವ ಕೆಳಗೆ ನೋಡಿಕೊಂಡಳು. ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಹಿಮ್ಮಡಿಯಲ್ಲಿ ಗಾಜಿನ ಚೂರೊಂದು ಹೊಕ್ಕು ಮಣ್ಣೆಲ್ಲ ಕೆಂಪಾಗಿತ್ತು.

"ಅವ್ವಾ, ನಿನಗ ಗೊತ್ತಾಗಲಿಲ್ಲೇನ?"

"ಇಲ್ಲವ್ವಾ... ನಾಕ ದಿನಾ ಆತು, ಹತ್ತಿ ಮ್ಯಾಲ ನಡದಂಗ ಆಗಾಕತ್ತೈತಿ."

ಜಯಾ ಅಟ್ಟಕ್ಕೆ ಏಣಿ ಹಚ್ಚಿದಳು. ಹಳದಿ ಗಂಟಿನ ಧೂಳು ಕಣ್ಣಿಗೆ ಬಿತ್ತು. ಫೈಲಿನ ಕೊನೆಯ ಹಾಳೆಯಲ್ಲಿ ಕನ್ನಡದಲ್ಲೇ ಬರೆದಿತ್ತು: 'ತಪಾಸಣೆ ತಪ್ಪಿಸಬಾರದು. ಬೆನ್ನು ಅಥವಾ ಎಲುಬಿನ ನೋವು ಕಡಿಮೆಯಾಗದಿದ್ದರೆ ತಡಮಾಡದೆ ಬರಬೇಕು.' ಸಾಲಿನ ಕೆಳಗೆ ನೀಲಿ ಪೆನ್ನಿನ ಗೆರೆ. ಆ ಗೆರೆ ಎಳೆದವಳು ಅವಳೇ. ಅಂದು ಡಾಕ್ಟರು ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತು ಎಳೆದಿದ್ದಳು.

ಅವಳು ಕಟ್ಟೆಗೆ ಓಡಿ ಬಂದು, ಇಡೀ ಓಣಿಗೆ ಕೇಳುವಂತೆ ಕೂಗಿದಳು. "ಯಾರಾದರೂ ಲಗೂನ ಆಟೋ ಕರೀರಿ!" ಅವಳ ದನಿ ಅಷ್ಟು ದೊಡ್ಡದೆಂದು ಓಣಿಗೆ ಅಂದೇ ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ರಾಜೇಶ್ವರಿ ಸ್ಕ್ಯಾನು ನೋಡಿ, ಜಯಾಳನ್ನೂ ಸುದ್ದಿ ತಿಳಿದು ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿ ಬಂದಿದ್ದ ಅಪ್ಪನನ್ನೂ ಕೂರಿಸಿಕೊಂಡರು.

"ಆ ರೋಗಾನ ಬೆನ್ನೆಲುಬಿಗೆ ಬಂದದ. ನರದ ಮ್ಯಾಲ ಒತ್ತಲಿಕ್ಕತ್ತದ. ಇವತ್ತ ಕರೆಂಟ್ ಶುರು ಮಾಡೋಣ. ಪೂರ್ತಿ ಹೋಗ್ತದ ಅಂತ ನಾ ಹೇಳೂದಿಲ್ಲ. ನೋವು ಇಳಸಬಹುದು. ಕಾಲು ಉಳಸ್ಲಿಕ್ಕೆ ನೋಡೋಣ."

"ಮೂರು ತಿಂಗಳ ಹಿಂದ ಕರಕೊಂಡ ಬಂದಿದ್ದರ್ರಿ?" ಜಯಾ ಕೇಳಿದಳು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಇಷ್ಟು ಕಷ್ಟ ಆಗ್ತಿದ್ದಿಲ್ಲ."

"ನಾ... ನಾ ತುಳದೇನ್ರಿ, ಅವ್ವನ ಬೆನ್ನ." ಜಯಾ ಪಾದದ ವಿಷಯವೆಲ್ಲ ತಡವರಿಸುತ್ತ ಹೇಳಿದಳು.

"ತುಳದದ್ದಕ್ಕ ಬಂದದ್ದಲ್ಲ ಇದು. ಆದ್ರ ಇನ್ನ ಮ್ಯಾಲ ಯಾರ ಬೆನ್ನೂ ತುಳೀಬ್ಯಾಡ."

ಮೈಲಾರಲಿಂಗಪ್ಪ ವರಾಂಡಾದ ಬೆಂಚಿನ ಮೇಲೆ ಹೋಗಿ ಕೂತ. ಆಗುವುದಿಲ್ಲ ಎಂದಿದ್ದವನು, ಹೆಸರು ಕರೆಯುವವರೆಗೂ ಕಾದ.

ವಾರ್ಡಿನಲ್ಲಿ ಜಯಾ ಅಮ್ಮನ ಕೈ ಹಿಡಿದುಕೊಂಡಳು. "ಖರೇ ಹೇಳವ್ವಾ. ನಾ ಕಾಲ ಇಟ್ಟಾಗ ಒಮ್ಮೆನಾದರೂ ಕಡಿಮಿ ಆಗಿತ್ತೇನ?"

ರೇಣವ್ವ ಮಗಳ ಕೈಯನ್ನು ಎದೆಗೊತ್ತಿಕೊಂಡಳು. "ಜೀವಾ ಹೋದಂಗ ಆಗತಿತ್ತು."

"ಮತ್ತ ಯಾಕ ಹೋತು ಅಂತಿದ್ದಿ?"

"ನೀ ಯಾರ ಜೋಡೀನೂ ಮಾತಾಡಾಕಿ ಅಲ್ಲ, ಎಲ್ಲೂ ಹೋಗಾಕಿ ಅಲ್ಲ. ಅದೊಂದಕ್ಕ ನಿನ್ನ ಮುಖಾ ಅರಳತಿತ್ತು. ಹೆತ್ತಾಕಿಗೇ ನಾಟಲಿಲ್ಲ ಅಂದರ ನಿನಗ ಹೆಂಗ ಆಗಬ್ಯಾಡ?"

ಜಯಾ ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತಳು. ರೇಣವ್ವನ ಕೈ ಅವಳ ತಲೆಯ ಮೇಲೆ ಆಡುತ್ತಲೇ ಇತ್ತು.

ಎರಡು ತಿಂಗಳ ನಂತರ ರೇಣವ್ವ ಸೊಂಟಕ್ಕೆ ಬೆಲ್ಟು ಕಟ್ಟಿ, ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟಾದಳು. ರೊಟ್ಟಿಯ ಹಂಚು ಮೂಲೆ ಸೇರಿತು. ಅಟ್ಟದಿಂದ ಇಳಿದ ಫೈಲು ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಬಿತ್ತು. ಮುಂದಿನ ತಪಾಸಣೆಯ ದಿನಕ್ಕೆ ಮೈಲಾರಲಿಂಗಪ್ಪನೇ ಕೆಂಪು ಸುತ್ತು ಹಾಕಿ ರಜೆ ಬರೆದುಕೊಟ್ಟಿದ್ದ. ಇನ್ನೆಷ್ಟು ಸುತ್ತುಗಳು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸತ್ಯವ್ವ ಬಂದು ಕಟ್ಟೆಯ ಮೇಲೆ ಸೆರಗು ಹಾಸಿದಳು. "ಜಯಾ, ಮೂರ ಸಲಾ ಕಾಲ ಇಡವ್ವಾ. ಮತ್ತ ಹಿಡದೈತಿ."

ಜಯಾ ಕಾಲು ಎತ್ತಲಿಲ್ಲ. ಪಕ್ಕದಲ್ಲಿ ಕೂತಳು. "ಎಷ್ಟ ದಿನಾ ಆತ್ರಿ ಕಾಕೂ?"

"ತಿಂಗಳ ಮ್ಯಾಲಾತು."

"ಮಲಗಿದರ ಇಳೀತೈತೋ, ಹೆಚ್ಚಾಗತೈತೋ?"

"ಮಲಗಿದರನ ಹೆಚ್ಚ ನೋಡ... ಏನಬೇ, ಡಾಕ್ಟರ ಆದಿಯೇನ?"

"ಇಲ್ರಿ ಕಾಕೂ. ತಡಾ ಮಾಡಿದಾಕಿ ನಾ."

ಸತ್ಯವ್ವನ ನಗು ಅರ್ಧಕ್ಕೆ ನಿಂತಿತು. "ನನಗೇನ ಆಗಿಲ್ಲ ಬಿಡವ್ವಾ," ಎಂದಳು. ಆದರೆ ಏಳಲಿಲ್ಲ.

ಒಳಗಿನಿಂದ ವಾಕರ್ ಸರಿದ ಸದ್ದಾಯಿತು. "ಜಯಾ," ರೇಣವ್ವನ ದನಿ ಕೇಳಿಸಿತು, "ದವಾಖಾನಿಗೆ ಆಕೀನ್ನ ಒಬ್ಬಾಕೀನ್ನ ಕಳಿಸಬ್ಯಾಡ. ಅಂಜತಾಳ. ಜೋಡಿ ಹೋಗು."

ಜಯಾ ಎದ್ದು ಎಡಗಾಲನ್ನು ಚಪ್ಪಲಿಗೆ ಸೇರಿಸಿದಳು. ಪಟ್ಟಿ ಬಿಗಿಯಾಗಿದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ಸತ್ಯವ್ವನತ್ತ ಕೈ ಚಾಚಿದಳು.