ಮೂರು ಜೊತೆ ಗವಸು

ಚಳಿಗಾಲದಲ್ಲಿ ಸೈಕಲ್ ತುಳಿಯುವವರ ಕಷ್ಟವನ್ನು ಕಾರಿನಲ್ಲಿ ಓಡಾಡುವವರಿಗೆ ಹೇಳಿ ಪ್ರಯೋಜನವಿಲ್ಲ. ಕಾಲಿಗೇನು, ತುಳಿದು ತುಳಿದು ಬೆಚ್ಚಗಾಗುತ್ತದೆ. ಏರು ಸಿಕ್ಕರೆ ಬೆನ್ನೂ ಬೆವರುತ್ತದೆ. ಕೈಗಳದ್ದೇ ಪಾಡು, ಹ್ಯಾಂಡಲ್ ಹಿಡಿದುಕೊಂಡು ಎದುರುಗಾಳಿಯನ್ನೆಲ್ಲ ತಾವೇ ತಿನ್ನಬೇಕು. ಬೇರೆಯವರಾದರೆ ಕೆಲಸದ ಜಾಗಕ್ಕೆ ಹೋಗಿ ಅರ್ಧ ಗಂಟೆ ಕೈ ಉಜ್ಜಿಕೊಂಡು ಕೂತಾರು. ಸೂಜಿ ಅಕ್ಕ ಹಾಗೆ ಕೂರುವಂತಿರಲಿಲ್ಲ, ಅವಳ ಕೆಲಸವೆಲ್ಲ ಬೆರಳ ತುದಿಯಲ್ಲೇ.

ಅವಳು ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವವಳು. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಎಂಟು ಮನೆ, ಎಂಟೂ ಹಾಸಿಗೆ ಬಿಟ್ಟು ಏಳಲಾರದವರ ಮನೆಗಳು. ಹದಿನಾರು ವರ್ಷದಲ್ಲಿ ಎಂಥೆಂಥ ಅಡಗಿ ಕೂತ ನರಗಳನ್ನೂ ತೋರುಬೆರಳಿನಿಂದ ಒತ್ತಿ ನೋಡಿ ಹಿಡಿದವಳು. ಸೂಜಿ ಅಕ್ಕ ಎಂದು ಜನ ಕರೆದರೆ ಮೇಲೆ ಮೂಗು ಮುರಿದರೂ ಒಳಗೊಳಗೇ ಅವಳಿಗೆ ಹೆಮ್ಮೆ.

ಆ ಹೆಮ್ಮೆಗೆ ಹೋದ ವಾರ ಪೆಟ್ಟು ಬಿದ್ದಿತ್ತು. ಟೆಲಿಫೋನ್ ಅಜ್ಜಿಯ ತೋಳಿನಲ್ಲಿ ಎರಡು ಸಲ ಚುಚ್ಚಿದರೂ ರಕ್ತ ಬರಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸಿದ ಈ ಅಜ್ಜಿಗೆ ಕೋಪ ಮೂಗಿನ ತುದಿಯಲ್ಲೇ. ತೋಳು ಎಳೆದುಕೊಂಡು, "ನೋಡಮ್ಮ, ಮುಂದಿನ ವಾರ ಒಂದೇ ಒಂದು ಸಲ. ತಪ್ಪಿದ್ರೆ ಆಮೇಲೆ ನೀನೂ ಬರಬೇಡ, ಇನ್ಯಾರೂ ಬರೋದು ಬೇಡ" ಎಂದಿದ್ದಳು. ಆಡಿದ ಮಾತು ನಡೆಸುವ ಹೆಂಗಸು. ರಕ್ತ ಹೆಪ್ಪುಗಟ್ಟದಿರಲು ಅವಳು ತೆಗೆದುಕೊಳ್ಳುವ ಮಾತ್ರೆ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಪರೀಕ್ಷೆಯಿಲ್ಲದೆ ಎಷ್ಟು ಕೊಡಬೇಕೆಂದು ಡಾಕ್ಟರು ಹೇಳುವಂತಿಲ್ಲ. ಆಗಲೇ ಒಂದು ವಾರ ತಪ್ಪಿಹೋಗಿತ್ತು.

ಸೂಜಿ ಅಕ್ಕ ವಾರವಿಡೀ ಸರಿಯಾಗಿ ನಿದ್ದೆ ಮಾಡಲಿಲ್ಲ. ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ಬೆರಳು ಮರಗಟ್ಟಿತ್ತು, ಒತ್ತಿದ್ದು ನರವೋ ಬರೀ ಚರ್ಮವೋ ತಿಳಿದಿರಲಿಲ್ಲ. ಸರಿ, ಇದಕ್ಕೆ ಮದ್ದು ಇನ್ನಷ್ಟು ಗವಸು. ಚಳಿ ಶುರುವಾದಾಗ ಒಂದು ಜೊತೆ ಹತ್ತಿಯದು ಹಾಕಿಕೊಂಡಿದ್ದಳು. ಸಾಲದೆಂದು ಅದರ ಮೇಲೆ ಅತ್ತೆ ಹೆಣೆದ ಉಣ್ಣೆಯದು ಬಂದಿತ್ತು. ಅತ್ತೆ ತಮ್ಮ ಕೈ ಅಳತೆಗೇ ಹೆಣೆದಿದ್ದರು. ಅತ್ತೆಯ ಕೈಯೋ ಎಂಟು ವರ್ಷದ ಹುಡುಗಿಯದಷ್ಟು. "ಬಿಗಿ ಆಯ್ತಾ?" ಎಂದು ಕೇಳಿದಾಗ ಸೊಸೆ, "ಇಲ್ಲ ಅತ್ತೆ, ಅಳತೆ ತಗೊಂಡು ಹೆಣೆದ ಹಾಗಿದೆ" ಎಂದು ಬಾಯಿ ತುಂಬ ಹೊಗಳಿದ್ದಳು. ಈ ವಾರ ಇವೆರಡರ ಮೇಲೆ ಗಂಡನ ಚರ್ಮದ ಗವಸನ್ನೂ ತುರುಕಿ, ಗಾಳಿ ನುಗ್ಗದಂತೆ ಮಣಿಕಟ್ಟಿಗೆ ಎಲಾಸ್ಟಿಕ್ ಹಾಕಿಕೊಂಡಳು. ಮೂರು ಜೊತೆ! ಬ್ರೇಕ್ ಹಿಡಿಯಲು ಬೆರಳು ಮಡಚಬೇಕಾದರೆ ಹಲ್ಲು ಕಚ್ಚಬೇಕಿತ್ತು. ಅಜ್ಜಿಯ ಮನೆಯನ್ನು ಮೊದಲನೆಯದಾಗಿಯೇ ಇಟ್ಟುಕೊಂಡಳು, ಆದದ್ದು ಆಗಿಹೋಗಲಿ ಎಂದು.

ಸೇತುವೆ ದಾಟುವಾಗ ಬೆರಳುಗಳು ನೋಯುತ್ತಿದ್ದವು. ಮಾರುಕಟ್ಟೆಯ ತಿರುವಿನಲ್ಲಿ ನೋವು ನಿಂತಿತು. ಪರವಾಗಿಲ್ಲ, ಬಿಸಿಯಾಯಿತು ಎಂದುಕೊಂಡಳು ಮಾರಾಯ್ತಿ. ಅಜ್ಜಿಯ ಬಾಗಿಲಲ್ಲಿ ಗವಸು ಕಿತ್ತು ನೋಡಿದರೆ ಬೆರಳುಗಳು ಬೆಳ್ಳಗೆ ಬಿಳಚಿಕೊಂಡಿದ್ದವು. ವಾಪಸ್ ಹೋಗಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಅಷ್ಟರಲ್ಲಿ ಅಜ್ಜಿಯ ಮಗಳು ಬಾಗಿಲು ತೆಗೆದಳು.

ಅಜ್ಜಿ ದಿಂಬಿಗೊರಗಿ ಕೂತಿದ್ದಳು. ತೋಳನ್ನು ಆಗಲೇ ಬಿಸಿನೀರಿನ ಚೀಲದ ಕೆಳಗೆ ಇಟ್ಟುಕೊಂಡಿದ್ದಳು. ತೋಳು ಬೆಚ್ಚಗಿದ್ದರೆ ನರ ಮೇಲೆ ಬರುತ್ತದೆ ಎಂದು ಕಲಿಸಿಕೊಟ್ಟಿದ್ದವಳು ಸೂಜಿ ಅಕ್ಕನೇ.

"ಶುರು ಮಾಡೋಣ್ವಾ ಅಜ್ಜಿ?"

"ದನಿ ಯಾಕೆ ನಡುಗ್ತಿದೆ?" ಎಂದಳು ಅಜ್ಜಿ. ಮೂವತ್ತು ವರ್ಷ ಮುಖ ಕಾಣದ ದನಿಗಳನ್ನು ಕೇಳಿದ ಕಿವಿ ಅದು.

"ಏನಿಲ್ಲ, ಚಳಿ."

"ಕೈ ತೋರಿಸು."

ಸೂಜಿ ಅಕ್ಕ ಮಕ್ಕಳ ಹಾಗೆ ಕೈ ಚಾಚಿದಳು. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದಳು. ಎರಡೂ ಮಣಿಕಟ್ಟಿನ ಸುತ್ತ ಎಲಾಸ್ಟಿಕ್ ಕಚ್ಚಿದ ಕೆಂಪು ಗೆರೆ, ಬೆರಳ ಸಂದುಗಳಲ್ಲಿ ಉಣ್ಣೆಯ ಹೆಣಿಗೆಯ ಅಚ್ಚು.

"ಇದೇನೇ ಇದು? ನನ್ನ ತೋಳಿಗೆ ಬಿಗಿಯೋಕೆ ಒಂದು ರಬ್ಬರ್ ಪಟ್ಟಿ ತರ್ತೀಯಲ್ಲ, ಅದನ್ನ ಎಷ್ಟು ಹೊತ್ತು ಕಟ್ತೀಯ?"

"ಒಂದು ನಿಮಿಷ."

"ಯಾಕೆ, ಜಾಸ್ತಿ ಕಟ್ಟಿದ್ರೆ ಏನಾಗುತ್ತೆ?"

"ರಕ್ತ ಓಡಾಡೋದು..." ಎಂದವಳು ತನ್ನ ಮಣಿಕಟ್ಟಿನ ಗೆರೆ ನೋಡಿಕೊಂಡಳು. ಹದಿನಾರು ವರ್ಷ ದಿನಕ್ಕೆ ಎಂಟು ತೋಳಿಗೆ ಪಟ್ಟಿ ಕಟ್ಟಿ ಬಿಚ್ಚಿದವಳು, ಮನೆಯಿಂದ ಇಲ್ಲಿಯತನಕ ಮುಕ್ಕಾಲು ಗಂಟೆ ತನ್ನ ಕೈಗೇ ಅದನ್ನು ಬಿಗಿದುಕೊಂಡು ಬಂದಿದ್ದಳು. ಚಳಿ ಹೆಚ್ಚಿದಷ್ಟೂ ಬಿಗಿ ಹೆಚ್ಚಿಸಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮೈಯಲ್ಲಿ ಬಿಸಿಯಿದ್ದದ್ದು ಅದೊಂದೇ ಜಾಗ.

"ಬಿಸಿನೀರಲ್ಲಿ ಅದ್ದಿಕೊಂಡು ಬರ್ತೀನಿ."

"ಬೇಡ. ಈಗ ಸುಟ್ಟರೂ ನಿನಗೆ ಗೊತ್ತಾಗಲ್ಲ. ಇಲ್ಲಿ ಬಾ."

ಅಜ್ಜಿ ಅವಳ ಎರಡೂ ಕೈಗಳನ್ನು ಹೊದಿಕೆಯೊಳಕ್ಕೆಳೆದು ತನ್ನ ಕಂಕುಳಲ್ಲಿ ಇರುಕಿಕೊಂಡಳು. ತಣ್ಣನೆ ಬೆರಳು ತಾಗಿ ಒಮ್ಮೆ ಮೈ ಜುಮ್ಮೆಂದರೂ ಬಿಡಲಿಲ್ಲ. ಸೂಜಿ ಅಕ್ಕ ಹಾಸಿಗೆಯ ಅಂಚಿಗೆ ಬಾಗಿ, ಅಜ್ಜಿಯ ಗಲ್ಲಕ್ಕೆ ಗಲ್ಲ ತಾಗುವಷ್ಟು ಹತ್ತಿರ ಕೂತಳು. ಸ್ವಲ್ಪ ಹೊತ್ತಿಗೆ ಬೆರಳುಗಳಿಗೆ ಜೀವ ಬರತೊಡಗಿತು. ಸಾವಿರ ಇರುವೆ ಒಟ್ಟಿಗೆ ಕಚ್ಚಿದ ಹಾಗೆ ಉರಿ. ಕಣ್ಣಲ್ಲಿ ನೀರು ತುಂಬಿತು.

"ಉರಿಯುತ್ತಾ?"

"ಹೂಂ."

"ಉರಿಯಲಿ. ಹೋದ ವಾರ ನನಗೂ ಉರಿದಿತ್ತು."

ಇಬ್ಬರೂ ನಕ್ಕರು. ಹತ್ತು ನಿಮಿಷದ ಮೇಲೆ ಸೂಜಿ ಅಕ್ಕ ಕೈ ತೆಗೆದು ಒರೆಸಿಕೊಂಡು, ತೆಳ್ಳನೆಯ ರಬ್ಬರ್ ಗವಸು ಹಾಕಿಕೊಂಡು, ಪಟ್ಟಿ ಕಟ್ಟಿ, ತೋರುಬೆರಳನ್ನು ಅಜ್ಜಿಯ ಮೊಣಕೈ ಮಡಿಕೆಯ ಮೇಲೆ ಇಟ್ಟಳು. ಇತ್ತು. ಸ್ವಲ್ಪ ಬಲಕ್ಕೆ ಸರಿದು, ಆಳದಲ್ಲಿ, ಮೆತ್ತಗೆ ಪುಟಿಯುತ್ತಿತ್ತು. ಒಂದೇ ಸಲಕ್ಕೆ ಸೂಜಿ ಹೋಯಿತು; ಕೊಳವೆಗೆ ಕಡುಗೆಂಪು ಏರಿತು.

ಆ ಮಾತ್ರೆ ತಿನ್ನುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಹತ್ತಿ ಒತ್ತಿ ಹಿಡಿದಿರಬೇಕು. ಸೂಜಿ ಅಕ್ಕ ಹೆಬ್ಬೆರಳಿನಿಂದ ಒತ್ತಿಕೊಂಡು ಕೂತಳು. ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು:

"ತಪ್ಪಿದ್ರೆ ಬರಬೇಡ ಅಂದುಬಿಟ್ಟಿದ್ದೆ. ವಾರವೆಲ್ಲ ಅದೇ ಹೆದರಿಕೆ ನನಗೆ. ಎಲ್ಲಿ ನಿಜವಾಗ್ಲೂ ಬರದೇ ಹೋಗ್ತೀಯೋ ಅಂತ."

ಈ ಮನೆಯಲ್ಲಿ ಹೆದರಿದ್ದು ತಾನೊಬ್ಬಳೇ ಎಂದುಕೊಂಡಿದ್ದಳು ಸೂಜಿ ಅಕ್ಕ.

"ಮುಂದಿನ ವಾರ ಹತ್ತು ನಿಮಿಷ ಮುಂಚೆ ಬಾ," ಎಂದಳು ಅಜ್ಜಿ. "ಮೊದಲು ನಿನ್ನ ಕೈ, ಆಮೇಲೆ ನನ್ನ ರಕ್ತ."

"ಬರ್ತೀನಿ ಅಜ್ಜಿ," ಎಂದಳು ಸೂಜಿ ಅಕ್ಕ.