ಎರಡು ಗುಂಡಿ

ಈಜು ಕಲಿಸುವವಳ ಕಾರಿಗೆ ಮಳೆಗಾಲ ಬೇರೆ, ಬೇಸಿಗೆ ಬೇರೆ ಎಂಬುದಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಅವಳ ಕಾಲ ಕೆಳಗೆ ಮಾತ್ರ ವರ್ಷವಿಡೀ ಒದ್ದೆ. ಕೊಳದಿಂದ ಎದ್ದು, ಹೆಗಲಿಗೊಂದು ಟವೆಲ್ಲು ಹಾಕಿಕೊಂಡು, ನೀರು ತೊಟ್ಟಿಕ್ಕುವ ಚಪ್ಪಲಿಯಲ್ಲೇ ಬಂದು ಕೂತರೆ ಯಾವ ಕಾರಿನ ನೆಲ ತಾನೇ ಒಣಗಿದ್ದೀತು? ಒಳಗಿನ ಕಾರ್ಪೆಟ್ಟು ಮುಗ್ಗಲು ಹಿಡಿದಿತ್ತು. ಅದಕ್ಕೆ ಕೊಳದ ಔಷಧಿಯ ಘಾಟು ಬೇರೆ ಸೇರಿಕೊಂಡಿತ್ತು. ಆರು ವರ್ಷದ ಮಗಳು ಹಿಂದಿನ ಸೀಟಿಗೆ ಹತ್ತುವ ಮೊದಲು ಉದ್ದಕ್ಕೆ ಉಸಿರೆಳೆದು, ಮೂಗು ಹಿಡಿದು, ನೀರಿಗೆ ಧುಮುಕುವವಳ ಹಾಗೆ ಒಳಗೆ ಹಾರುತ್ತಿದ್ದಳು.

ಈ ಕಾಯಿಲೆಗೆ ಮೊದಲು ಮದ್ದು ಕಂಡುಹಿಡಿದವರು ಅವಳ ಮಾವ. ಮಾವ ದರ್ಜಿ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದರು, ಆದರೆ ಕತ್ತರಿ ಕೆಳಗಿಟ್ಟಿರಲಿಲ್ಲ. ಬೆಳಿಗ್ಗೆ ಸೊಸೆಯ ಕಾರು ಒರೆಸುವ ಕೆಲಸವನ್ನು ಯಾರೂ ಹೇಳದೆ ತಾವೇ ವಹಿಸಿಕೊಂಡಿದ್ದರು. ಹೀಗೆ ಒರೆಸುತ್ತಾ ಒರೆಸುತ್ತಾ ಒಂದು ದಿನ ದಪ್ಪನೆಯ ಪರದೆ ಬಟ್ಟೆಯನ್ನು ಕಾರಿನ ನೆಲದ ಅಳತೆಗೆ ಕತ್ತರಿಸಿ, ಅಂಚಿಗೆ ಪಟ್ಟಿ ಕೊಟ್ಟು ಹೊಲಿದು, ನೀಟಾಗಿ ಹಾಸಿದರು. ನೋಡುವುದಕ್ಕೆ ಚೆಂದವೇ ಇತ್ತು. ಆದರೆ ಅದು ಕುಡಿದ ನೀರು ಆರುತ್ತಿರಲಿಲ್ಲ, ಮತ್ತೆ ಕ್ಲಚ್ಚು ತುಳಿದಾಗಲೆಲ್ಲ ಕಾಲಿನ ಜೊತೆ ಅದೂ ಮುಂದಕ್ಕೆ ಹೊರಡುತ್ತಿತ್ತು.

ಮಾವನ ಮುಖದ ಮೇಲೆ ಹೇಳುವುದು ಹೇಗೆ? ಗಂಡನಿಗೆ ಹೇಳಿದಳು. ಗಂಡ "ನೋಡೋಣ" ಅಂದ. ಅವನು ಮಗು ಹುಟ್ಟಿದಾಗ ಹೆಸರಿಡುವುದಕ್ಕೂ ನೋಡೋಣ ಅಂದಿದ್ದವನು. ಅವನನ್ನು ನಂಬಿ ಕೂತರೆ ಆಗುವುದಿಲ್ಲವೆಂದು ಅವಳೇ ಅಂಗಡಿಗೆ ಹೋದಳು.

ಕಾರಿನ ಸಾಮಾನು ಮಾರುವವನು ಒಂದು ಸುರುಳಿ ರಬ್ಬರನ್ನು ಬಿಡಿಸಿ ಹಿಡಿದ. "ಎಲ್ಲಾ ಗಾಡಿಗೂ ಆಗುತ್ತೆ ಮೇಡಂ."

ಎಲ್ಲರಿಗೂ ಆಗುವ ಅಂಗಿ ಯಾರಿಗೂ ಆಗುವುದಿಲ್ಲ ಎಂದು ಮನೆಯಲ್ಲಿ ಮಾವ ನೂರು ಸಲ ಹೇಳಿದ್ದರು. ಬೇಡದ ಹೊತ್ತಿನಲ್ಲೆಲ್ಲ ನೆನಪಾಗುವ ಆ ಮಾತು ಬೇಕಾದಾಗ ನೆನಪಾಗಲಿಲ್ಲ. ಮನೆಗೆ ತಂದು ಹಾಸಿದರೆ ಒಂದು ಮೂಲೆ ಬ್ರೇಕಿನ ಕಡೆ ಕಿವಿ ನಿಮಿರಿಸಿ ನಿಂತಿತು, ಇನ್ನೊಂದು ಮೂಲೆ ಬಾಗಿಲಿಗೆ ಸಿಕ್ಕಿಕೊಂಡಿತು. ಸುರುಳಿ ಸುತ್ತಿ ವಾಪಸು ಒಯ್ದಳು.

ಎರಡನೆಯ ಸಲ ಅವನು ಅವಳ ಕಾರಿನ ಹೆಸರು, ಮಾಡೆಲ್ಲು ಎಲ್ಲಾ ಕೇಳಿ, ಒಳಗಿನಿಂದ ಬೇರೆ ಮ್ಯಾಟು ತಂದ. ಸುತ್ತಲೂ ಎತ್ತರದ ಅಂಚಿದ್ದ ತಟ್ಟೆಯಂಥ ಮ್ಯಾಟು. ಒಂದು ಲೋಟ ನೀರು ಸುರಿದು ತೋರಿಸಿದ. ಒಂದು ಹನಿಯೂ ಆಚೆ ಹೋಗಲಿಲ್ಲ. ಹಿಮ್ಮಡಿ ಬರುವ ಕಡೆ, ನೀರು ಮುಟ್ಟದಷ್ಟು ಎತ್ತರದಲ್ಲಿ, ಎರಡು ತೂತು ಇದ್ದವು.

"ನಿಮ್ಮ ಗಾಡಿ ನೆಲದಲ್ಲಿ ಮೊಳೆ ತಲೆ ಥರ ಎದ್ದಿರೋ ಎರಡು ಸ್ಟಡ್ಡು ಇರ್ತವೆ," ಅಂದ. "ಈ ತೂತು ಅದರ ಮೇಲೆ ಇಟ್ಟು ಒತ್ತಿ. ಟಕ್ ಅನ್ಬೇಕು. ಟಕ್ ಅನ್ಲಿಲ್ಲ ಅಂದ್ರೆ ಗಾಡಿ ತೆಗೀಬೇಡಿ, ಮ್ಯಾಟು ಜಾರಿ ಪೆಡಲ್‌ಗೆ ಸಿಕ್ಕಿಕೊಳ್ಳುತ್ತೆ. ಇದರ ಕೆಳಗೆ ಮೇಲೆ ಇನ್ನೇನೂ ಹಾಸ್ಬೇಡಿ."

ಮನೆ ಮುಂದೆ ಕಾರಿನೊಳಗೆ ತಲೆ ತೂರಿಸಿ, ಸೊಂಟ ಮುರಿದುಕೊಂಡು ಒತ್ತಿದಳು. ಟಕ್ ಅನ್ನಲಿಲ್ಲ. ಮ್ಯಾಟು ಎತ್ತಿ ನೋಡಿದರೆ ಸ್ಟಡ್ಡೂ ಇಲ್ಲ, ಎಂಥದ್ದೂ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಹೆಬ್ಬೆರಳು ಇಳಿಯುವಷ್ಟು ಎರಡು ಕುಳಿ, ಅದರ ತುಂಬಾ ಮರಳು.

ಮೂರನೆಯ ಸಲ ಅಂಗಡಿಯವನೇ ಹೊರಗೆ ಬಂದು ಬಗ್ಗಿ ನೋಡಿದ. "ನಮ್ಮ ಮ್ಯಾಟಲ್ಲಿ ಏನೂ ತೊಂದರೆ ಇಲ್ಲ. ನಿಮ್ಮ ಗಾಡೀದೇ ಏನೋ ಸರಿ ಇಲ್ಲ."

"ಕುಣಿಯೋಕೆ ಬರ್ದೇ ಇರೋಳು ನೆಲ ಡೊಂಕು ಅಂದ್ಲಂತೆ," ಅಂದಳು ಅವಳು.

"ಇಲ್ಲಿ ನೆಲಾನೇ ಡೊಂಕಿದೆ ಮೇಡಂ, ನಾನೇನ್ ಮಾಡ್ಲಿ?"

ಜಗಳವಾಡಿ ಜಗಳವಾಡಿ, ಕಡೆಗೆ ಸ್ಟಡ್ಡನ್ನು ಕಂಪನಿಯಿಂದ ತರಿಸಿಕೊಡುವುದೆಂದಾಯಿತು. ಬರುವುದಕ್ಕೆ ದಿನ ಹಿಡಿಯುತ್ತದೆ ಅಂದ. ಅಲ್ಲಿಯವರೆಗೆ ಮ್ಯಾಟು ತೆಗೆದಿಡಿ ಅಂತಲೂ ಅಂದ. ಅವಳಿಗೆ ಅವನ ಮಾತು ಕೇಳುವಷ್ಟು ತಾಳ್ಮೆ ಉಳಿದಿರಲಿಲ್ಲ. ಟಕ್ ಅನ್ನದ ಮ್ಯಾಟನ್ನೇ ಹಾಸಿಕೊಂಡು ಮನೆಗೆ ಬಂದಳು.

ಸಂಜೆ ಟೀ ಕುಡಿಯುವಾಗ ಹೊಟ್ಟೆಯೊಳಗಿನ ಬೆಂಕಿಯೆಲ್ಲ ಆಚೆ ಬಂತು. "ಅಷ್ಟು ದುಡ್ಡು ತಗೊಂಡು ಕಾರು ಕೊಟ್ಟಿದಾರೆ, ನೆಲದಲ್ಲಿ ಏನಿದೆ ಅಂತೀರಿ? ಎರಡು ಗುಂಡಿ. ಎರಡೇ ಎರಡು ಗುಂಡಿ."

ಮಾವ ಲೋಟದಿಂದ ತಲೆ ಎತ್ತಿದರು. "ಎರಡು ಗುಂಡಿ ಇದಾವಾ?"

"ಇದಾವಲ್ಲ. ಕಣ್ಣಾರೆ ನೋಡ್ದೆ."

"ಹಾಗಾದ್ರೆ ಸಾಕು ಬಿಡಮ್ಮ," ಅಂದರು ಮಾವ ನೆಮ್ಮದಿಯಿಂದ. "ಎರಡಿದ್ರೆ ಧಾರಾಳ."

ಅವಳು ಗಂಡನ ಮುಖ ನೋಡಿದಳು. ಗಂಡ ಸಕ್ಕರೆ ಡಬ್ಬಿ ನೋಡಿದ. ಕಾರಿನ ನೆಲದಲ್ಲಿ ಗುಂಡಿ ಬಿದ್ದಿದೆ ಎಂದರೆ ಧಾರಾಳ ಅನ್ನುವ ಮನೆಯಲ್ಲಿ ಇನ್ನು ಯಾರ ಹತ್ತಿರ ಏನು ಹೇಳುವುದು ಎಂದುಕೊಂಡು ಎದ್ದು ಹೋಗಿ ಲೋಟ ತೊಳೆದಳು.

ಮಾರನೆಯ ದಿನದಿಂದ ಇನ್ನೊಂದು ಶುರುವಾಯಿತು. ಹೊಸ ಮ್ಯಾಟು ಗಟ್ಟಿಯಾಗಿದೆ, ಕೆಳಗಿನ ಕಾರ್ಪೆಟ್ಟು ಸವೆಯುತ್ತದೆ ಎಂದು ಮಾವ ತಮ್ಮ ಪರದೆ ಬಟ್ಟೆಯನ್ನು ಅದರ ಕೆಳಗೆ ಹಾಸಿದರು. ಅವಳು ಕೊಳದ ಹತ್ತಿರ ಅದನ್ನು ಎಳೆದು ಡಿಕ್ಕಿಗೆ ಎಸೆದಳು. ಬೆಳಿಗ್ಗೆ ಅದು ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು ಮತ್ತೆ ಮ್ಯಾಟಿನ ಕೆಳಗೆ ಹಾಜರು. ಮತ್ತೆ ಎಸೆದಳು, ಮತ್ತೆ ಬಂತು. ಕಾರಿನ ಮ್ಯಾಟಿಗೆ ಇಸ್ತ್ರಿ ಮಾಡುವ ಮನುಷ್ಯನನ್ನು ಬೈಯುವುದಾದರೂ ಹೇಗೆ? ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು ಗೊತ್ತಾಗಿ ಅವಳಿಗೆ ಸಾಕುಸಾಕಾಯಿತು. ಒಂದು ದಿನ ಮಳೆ, ತಡ ಬೇರೆ ಆಗಿತ್ತು. ಕೆಳಗೆ ಏನಿದೆ ಎಂದು ನೋಡದೆ ಹತ್ತಿ ಕೂತಳು. ಮಗಳು ಹಳದಿ ರೇನ್‌ಕೋಟು ತೊಟ್ಟು ಹಿಂದೆ ಕೂತಿದ್ದಳು.

ಕೊಳದ ಗೇಟು ದಾಟಿದರೆ ಒಂದು ಸಣ್ಣ ಏರು. ಏರಿದ ಕೂಡಲೇ ಎದುರಿಗೆ ಟಿಕೆಟ್ ಕೊಡುವ ಕೋಣೆಯ ಗೋಡೆ. ಏರು ಹತ್ತಲೆಂದು ಆಕ್ಸಿಲರೇಟರನ್ನು ಒತ್ತಿ ತುಳಿದಳು. ಹತ್ತಿದ ಮೇಲೆ ಕಾಲು ತೆಗೆದಳು. ಕಾಲು ಬಂತು, ಪೆಡಲ್ಲು ಬರಲಿಲ್ಲ. ಕೆಳಗಿನ ಬಟ್ಟೆ ಜಾರಿ ಮ್ಯಾಟು ಮುಂದಕ್ಕೆ ಹೋಗಿ, ಅದರ ಎತ್ತರದ ಅಂಚು ಪೆಡಲ್ಲಿನ ಮೇಲೆ ಕೂತುಬಿಟ್ಟಿತ್ತು. ಎಂಜಿನ್ನು ಅರಚತೊಡಗಿತು. ಗೋಡೆ ಹತ್ತಿರ ಬಂತು.

ಗಾಬರಿ ಬಿದ್ದವರೇ ಮುಳುಗೋದು ಎಂದು ದಿನಾ ಮಕ್ಕಳಿಗೆ ಹೇಳುವ ಹೆಂಗಸು ಅವಳು. ಕ್ಲಚ್ಚು ತುಳಿದು, ಗೇರು ನ್ಯೂಟ್ರಲ್ಲಿಗೆ ತಳ್ಳಿ, ಇದ್ದ ಬಲವನ್ನೆಲ್ಲ ಬ್ರೇಕಿನ ಮೇಲೆ ಹಾಕಿದಳು. ಕಾರು ಗೋಡೆಯಿಂದ ಒಂದು ಗೇಣು ಈಚೆ ನಿಂತಿತು. ಕಿಟಕಿಯೊಳಗೆ ಟಿಕೆಟ್ ಕೊಡುವವನು ಕೈಯಲ್ಲಿ ಚಿಲ್ಲರೆ ಹಿಡಿದುಕೊಂಡು ಹಾಗೇ ನಿಂತಿದ್ದ.

"ಅಮ್ಮಾ, ಗಾಡಿ ಯಾಕೆ ಕೂಗ್ತಿದೆ?" ಅಂದಳು ಮಗಳು.

ಕೀ ತಿರುಗಿಸಿ ಆರಿಸಿದಳು. ಇಳಿದು, ಹಿಂದಿನ ಬಾಗಿಲು ತೆಗೆದು, ಬೆಲ್ಟು ಬಿಚ್ಚಿ, ಮಗುವನ್ನು ರೇನ್‌ಕೋಟಿನ ಎದೆಗೆ ಕೈ ಹಾಕಿ ಎಳೆದುಕೊಂಡಳು. ರೇನ್‌ಕೋಟಿನ ಗುಂಡಿ ಕಿತ್ತು ಎಲ್ಲೋ ಹಾರಿತು. ಮಳೆಯಲ್ಲಿ ನಿಂತು ಮಗುವನ್ನು ಬಿಡದೆ ಅಪ್ಪಿಕೊಂಡಳು.

ಮ್ಯಾಟು, ಬಟ್ಟೆ ಎರಡನ್ನೂ ಡಿಕ್ಕಿಗೆ ತುರುಕಿ ಮನೆಗೆ ಬಂದವಳು ಅಡುಗೆಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮೊದಲ ಬಾರಿಗೆ ಅವನು ನೋಡೋಣ ಅನ್ನಲಿಲ್ಲ. ಒಲೆಯ ಪಕ್ಕ ಕೂತುಬಿಟ್ಟ.

"ಅಪ್ಪನಿಗೆ ಹೇಳ್ಬೇಡ," ಅಂದ. "ಅವರು ತಡ್ಕೊಳಲ್ಲ."

"ನಾನು ತಡ್ಕೋತೀನೇನ್ರೀ? ನಿಮ್ಮಪ್ಪನ ಮನಸ್ಸು ನೋಯ್ಬಾರ್ದು ಅಂತ ನಾನು ನನ್ನ ಮಗೂನ ಗೋಡೆಗೆ ಗುದ್ದಬೇಕಾ?"

ಇವತ್ತು ಹೇಳಿಯೇ ಬಿಡುತ್ತೇನೆ, ಏನಾದರೂ ಆಗಲಿ ಎಂದು ಸೆರಗು ಸಿಕ್ಕಿಸಿಕೊಂಡು ಅವಳು ಹಜಾರಕ್ಕೆ ಬಂದಳು.

ಹಜಾರದಲ್ಲಿ ಮಾವ ರೇನ್‌ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಗುಂಡಿ ಡಬ್ಬಿ. ಅಂಗಡಿಯ ಕಾಲದಿಂದ ಸಿಕ್ಕಿದ ಗುಂಡಿಗಳೆಲ್ಲ ಅದರಲ್ಲಿದ್ದವು. ಮಗಳು ಅದನ್ನು ನೆಲಕ್ಕೆ ಸುರಿದುಕೊಂಡು ಹಳದಿ ಬಣ್ಣದ್ದು ಹುಡುಕುತ್ತಿದ್ದಳು.

"ತಾತ, ಇದು ಯಾವ ಅಂಗೀದು?" ಎಂದು ಮಗಳು ಕಪ್ಪಗಿದ್ದ ದಪ್ಪನೆಯ ಒಂದನ್ನು ಎತ್ತಿ ತೋರಿಸಿದಳು. ಅದಕ್ಕೆ ಕೆಳಗೆ ತಿರುಪಿನ ಕಾಲು ಇತ್ತು. ಅದೇ ಥರದ್ದು ಇನ್ನೊಂದು ಅವಳ ಮೊಣಕಾಲ ಹತ್ತಿರ ಬಿದ್ದಿತ್ತು.

"ಅದು ಅಂಗೀದಲ್ಲ ಪುಟ್ಟಿ. ನಿಮ್ಮಮ್ಮನ ಗಾಡೀದು."

ಅವಳು ಬಾಗಿಲಲ್ಲೇ ನಿಂತಳು. ಮೂರು ಸಲ ಅಂಗಡಿ, ಜಗಳ, ಕಂಪನಿಗೆ ಆರ್ಡರು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

"ಮಾವ," ಅಂದಳು. "ಇದು ನಿಮ್ಮ ಡಬ್ಬೀಲಿ ಯಾಕಿದೆ?"

"ನಾನೇ ಬಿಚ್ಚಿದ್ದು ಕಣಮ್ಮ. ನಮ್ಮ ಬಟ್ಟೆ ಹಾಸೋವಾಗ ಕೆಳಗಿಂದ ಒತ್ತುತಾ ಇತ್ತು, ಅಲ್ಲೇ ಹರಿಯುತ್ತೆ ಅಂತ ತಿರುಗಿಸಿ ತೆಗೆದೆ. ಎಸೀಲಿಲ್ಲ. ಗುಂಡೀನ ಯಾರಾದ್ರೂ ಎಸೀತಾರಾ?"

"ಮತ್ತೆ ನಾನು ಅವತ್ತು ಬಾಯಿ ಬಡ್ಕೊಂಡಾಗ ಯಾಕೆ ಹೇಳ್ಲಿಲ್ಲ?"

ಮಾವ ನಿಜವಾಗಿಯೂ ಅರ್ಥವಾಗದೆ ಅವಳನ್ನು ನೋಡಿದರು. "ಎರಡು ಗುಂಡಿ ಇದಾವೆ ಅಂದ್ಯಲ್ಲಮ್ಮ. ನಾನು ತೆಗೆದಿದ್ದು ಎರಡು. ತೆಗೆದ ಮೇಲೂ ಎರಡು ಇದಾವೆ ಅಂದ್ರೆ, ಹೊಸ ಕೋಟಿನ ಜೊತೆ ಒಂದೆರಡು ಜಾಸ್ತಿ ಗುಂಡಿ ಕೊಡ್ತಾರಲ್ಲ, ಹಾಗೆ ಕೊಟ್ಟಿರ್ಬೇಕು ಅಂದ್ಕೊಂಡೆ."

"ನಾನು ಹೇಳಿದ್ದು ಹಳ್ಳದ ಗುಂಡಿ ಮಾವ. ರಸ್ತೇಲಿ ಇರುತ್ತಲ್ಲ, ಆ ಗುಂಡಿ."

ಅವಳಿಗೆ ನಗು ಬರುವುದರಲ್ಲಿತ್ತು, ಅದರ ಹಿಂದೆಯೇ ಕಿರುಚಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಯಾಕೆಂದರೆ ಮಾವ ಈಗ ಅವಳ ಕಡೆ ನೋಡುತ್ತಿರಲಿಲ್ಲ. ರೇನ್‌ಕೋಟಿನ ಎದೆಯ ಮೇಲೆ ಬೆರಳು ಆಡಿಸುತ್ತಿದ್ದರು.

"ಈ ಗುಂಡಿ ದಾರ ಸವೆದು ಬಿದ್ದಿದ್ದಲ್ಲ," ಅಂದರು ನಿಧಾನಕ್ಕೆ. "ಬಟ್ಟೆ ಸಮೇತ ಕಿತ್ತು ಬಂದಿದೆ. ಮಗೂನ ಇಷ್ಟು ಜೋರಾಗಿ ಯಾಕಮ್ಮ ಎಳೆದೆ?"

ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. ಬೇಡ ಎಂದು ಕಣ್ಣಲ್ಲೇ ಹೇಳಿದ. ಅವಳು ಹೇಳಿದಳು. ಬಟ್ಟೆ ಜಾರಿದ್ದು, ಮ್ಯಾಟು ಪೆಡಲ್ಲಿನ ಮೇಲೆ ಕೂತದ್ದು, ಗೋಡೆ, ಒಂದು ಗೇಣು. ಟಕ್ ಅನ್ನದ ಮ್ಯಾಟನ್ನು ಗೊತ್ತಿದ್ದೂ ಹಾಸಿಕೊಂಡು ಓಡಿಸಿದ್ದು ತಾನು ಎಂಬುದನ್ನೂ ಬಿಡಲಿಲ್ಲ.

ಮಾವ ಮೊಮ್ಮಗಳನ್ನು ಹತ್ತಿರ ಕರೆದು, ತಲೆ, ಭುಜ, ಕೈ ಮುಟ್ಟಿ ನೋಡಿದರು, ಅಳತೆ ತೆಗೆಯುವವರ ಹಾಗೆ. ಆಮೇಲೆ ಎರಡೂ ಕಪ್ಪು ಗುಂಡಿಗಳನ್ನು ಎತ್ತಿಕೊಂಡು, ಹೊಲಿಗೆ ಯಂತ್ರದ ಸಣ್ಣ ತಿರುಪುಳಿ ಹಿಡಿದು, ಬರಿಗಾಲಲ್ಲಿ ಹೊರಗೆ ನಡೆದರು.

ಕುಳಿಯೊಳಗಿನ ಮರಳನ್ನು ಸೂಜಿಯಿಂದ ಕೆದಕಿ ತೆಗೆದರು. ಗುಂಡಿಗಳನ್ನು ತಿರುಗಿಸಿ ಕೂರಿಸಿದರು. ಅವಳು ಡಿಕ್ಕಿಯಿಂದ ರಬ್ಬರ್ ಮ್ಯಾಟು ತಂದುಕೊಟ್ಟಳು. ಅದರ ತೂತುಗಳನ್ನು ಬೆರಳಲ್ಲಿ ಸವರಿ ಮಾವ, "ಗುಂಡಿಗೆ ಕಾಜಾ ಇತ್ತಲ್ಲಮ್ಮ ಇದರಲ್ಲಿ. ದಿನಾ ಎತ್ತಿ ಹಾಸಿದೆ, ಒಂದು ಸಲ ಕೈಯಾಡಿಸಿ ನೋಡಿದ್ರೆ ನನಗೆ ತಿಳೀತಿತ್ತು," ಅಂದರು. ಒತ್ತಿದರು. ಟಕ್ ಅಂದಿತು. ಇನ್ನೊಂದೂ ಟಕ್ ಅಂದಿತು.

"ಕೂತ್ಕೊಂಡು ತುಳಿ," ಅಂದರು. ಎಂಜಿನ್ನು ಹಾಕದೆ ಅವಳು ಪೆಡಲ್ಲನ್ನು ನೆಲಮಟ್ಟ ತುಳಿದು ಬಿಟ್ಟಳು. ಅದು ಮೇಲೆ ಬಂತು. "ಇನ್ನೊಂದ್ಸಲ." ಮತ್ತೆ ಬಂತು. ಮಾವ ಕಾರಿನ ಬಾಗಿಲು ಹಿಡಿದು ನಿಂತು ಮತ್ತೆ ಮತ್ತೆ ತುಳಿಸಿದರು. ಕಾಲು ನೋಯುವವರೆಗೂ ಅವಳು ತುಳಿದಳು. ಪರದೆ ಬಟ್ಟೆಯನ್ನು ಅವರು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದರು. ಅದು ಮತ್ತೆ ಕಾರಿಗೆ ಬರಲಿಲ್ಲ.

ಹಾಗಂತ ಅವಳ ಗೋಳು ಮುಗಿಯಿತೇ? ಈಗ ಬೆಳಿಗ್ಗೆ ಅವಳು ಹೊರಡುವ ಗಡಿಬಿಡಿಯಲ್ಲೇ ಮಾವ ಬರುತ್ತಾರೆ. ಅವಳನ್ನು ಕಾರಿನಿಂದ ಇಳಿಸಿ, ಮೊಣಕಾಲೂರಿ, ಮಂಜುಗಣ್ಣಿಗೆ ಕಾಣದ್ದನ್ನು ಕೈಯಲ್ಲಿ ತಡವಿ, ಹೊಸ ಅಂಗಿಯ ಗುಂಡಿಯನ್ನು ಜಗ್ಗಿ ನೋಡುವ ಹಾಗೆ ಮ್ಯಾಟನ್ನು ಎರಡೂ ಕೈಯಿಂದ ಜಗ್ಗುತ್ತಾರೆ. ಎದ್ದು ನಿಲ್ಲುವುದಕ್ಕೆ ಇನ್ನಷ್ಟು ಹೊತ್ತು. ಕೊಳದಲ್ಲಿ ಮಕ್ಕಳು ಕಾಯುತ್ತಿರುತ್ತಾರೆ, ಮೇಲಿನವರ ಕೈಲಿ ಅವಳು ಬೈಸಿಕೊಳ್ಳುತ್ತಾಳೆ, ಇದು ದಿನಾ ನಡೆಯುವ ತಲೆನೋವು. ಒಂದು ದಿನವೂ ಬೇಡ ಅಂದಿಲ್ಲ. ಕೀ ಕೈಯಲ್ಲಿ ಹಿಡಿದು, ಮಾವ ಎದ್ದು ನಿಂತು "ಹೋಗಿ ಬಾಮ್ಮ" ಅನ್ನುವವರೆಗೆ ಕಾಯುತ್ತಾಳೆ.