ಬೇವಿನ ಗಿಡದ ಬಳಿ ಸ್ಟಾಪ್ ಇಲ್ಲ

ಕಂಡಕ್ಟರನಿಗೆ ಸತ್ಕಾರ ಮಾಡುವುದೆಂದರೆ ಕಾರಹುಣ್ಣಿಮೆಯ ದಿನ ಎತ್ತಿಗೆ ಹೋಳಿಗೆ ತಿನ್ನಿಸಿದ ಹಾಗೆ. ಮರುದಿನ ಮತ್ತೆ ಬಾರುಕೋಲೇ. ಅದಕ್ಕೇ ತೆಲಸಂಗದ ತರುಣ ಮಂಡಳದ ಬಾಳಾಸಾಬ ಕರೆಯಲು ಬಂದಾಗ ನಾನು ಮುಖ ಕೊಟ್ಟು ಮಾತಾಡಲಿಲ್ಲ.

"ಜೂನ್ ಐದಕ್ಕ ಪರಿಸರ ದಿನ ಮಾಡಾಕತ್ತೇವ್ರಿ, ಜ್ಞಾನದೇವರ. ಹೊಗಿ ಎಬ್ಬಸದ ಅಡ್ಡಾಡವರಿಗೆ ಸತ್ಕಾರ. ಸೈಕಲ್ಲಿಗೆ ನಮ್ಮ ಪೋಸ್ಟಮನ್ನು, ನಡಿಗಿಗೆ ಒಬ್ಬಾಕಿ ಹೆಣ್ಣಮಗಳು, ಬಸ್ಸಿಗೆ ನೀವು."

"ನಮ್ಮ ಬಸ್ಸಿನ ಹಿಂದ ಒಮ್ಮಿ ನಿಂತ ನೋಡ್ರಿ. ಹೊಗಿ ಅಂದ್ರೇನು ಗೊತ್ತಾಕ್ಕೈತಿ," ಎಂದೆ.

"ನಲವತ್ತ ಫಟಫಟಿ ಹೊಗಿ ಒಂದ ಬಸ್ಸಿನ್ಯಾಗ ಮುಗೀತೈತಲ್ರಿ!"

ಅದು ೧೯೯೦. ಈ ಬಾಳಾಸಾಬ ತನ್ನ ಮೋಟರ್‌ಸೈಕಲ್ಲನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ತಿಂಗಳಿಂದ ತಮ್ಮನ ಸೈಕಲ್ ತುಳಿಯುತ್ತ ಏದುಸಿರು ಬಿಡುತ್ತಿದ್ದ. ಹುಚ್ಚ, ಆದರೆ ಒಳ್ಳೆಯ ಹುಚ್ಚ. ಹೂಂ ಅಂದೆ.

ಶಾಲೆಯ ಬಯಲಿನಲ್ಲಿ ವೇದಿಕೆ. ನನಗೆ ಶಾಲು ಹೊದಿಸಿ, ತಲೆಗೆ ಫೇಟಾ ಸುತ್ತಿ ಕೂರಿಸಿದರು. ಪಕ್ಕದ ಕುರ್ಚಿ ಖಾಲಿ ಇತ್ತು. ಆಮೇಲೆ ಒಬ್ಬಳು ಬೆಣ್ಣೆಯ ಗಡಿಗೆ ಕೆಳಗಿಟ್ಟು ಬಂದು ಅಲ್ಲಿ ಕುಳಿತಳು. ಹೆಸರು ಕೂಗುವ ಮೊದಲೇ ಗುರುತು ಹಿಡಿದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅಂತಾರಲ್ಲ, ಅದೇ ರೂಟಿನಲ್ಲಿ ದಿನಾ ಓಡಾಡುವ ನಾನು ಎರಡು ವರ್ಷ ತಪ್ಪಿಸಿಕೊಂಡದ್ದೇ ಹೆಚ್ಚು.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ. ಅಥಣಿ ಇನ್ನೂ ಹನ್ನೊಂದು ಕಿಲೋಮೀಟರ್ ಇರುವಾಗ ರಸ್ತೆಯ ಬದಿಗೆ ಒಂದು ಬೇವಿನ ಗಿಡ ಬರುತ್ತದೆ. ಅದರ ಹಿಂದೆ ಕುರಿ ಸಾಕುವವರ ನಾಲ್ಕು ಮನೆಯ ವಸ್ತಿ. ಅಲ್ಲಿ ಸ್ಟಾಪ್ ಇಲ್ಲ. ಈಕೆ ಗಿಡದ ಕೆಳಗೆ ನಿಂತು ಕೈ ಮಾಡಿದಳು. ಹೆಗಲ ಮೇಲೆ ಕಂಬಳಿಯಲ್ಲಿ ಸುತ್ತಿದ ಏನೋ ಇತ್ತು. ಹಿಂದಿನ ವಾರವಷ್ಟೇ ಬದನೆಕಾಯಿ ಬುಟ್ಟಿಯವನೊಬ್ಬನನ್ನು ನಡುದಾರಿಯಲ್ಲಿ ಹತ್ತಿಸಿಕೊಂಡು ಮೆಮೋ ತಿಂದಿದ್ದೆ. ಡ್ರೈವರ್ ಸಿದರಾಯ ವೇಗ ತಗ್ಗಿಸಿ ನನ್ನ ಗಂಟೆಗೆ ಕಾದ. ಒಂದು ಹೊಡೆದರೆ ನಿಲ್ಲು, ಎರಡು ಹೊಡೆದರೆ ನಡೆ. ನಾನು ಎರಡು ಹೊಡೆದೆ.

ಕಂಬಳಿಯಲ್ಲಿದ್ದದ್ದು ಜ್ವರ ನೆತ್ತಿಗೇರಿದ ಮೂರು ವರ್ಷದ ಮಗಳು ಎಂದು ಮರುದಿನ ಪ್ಯಾಸೆಂಜರುಗಳ ಬಾಯಿಂದ ಕೇಳಿದೆ. ಹೊತ್ತುಕೊಂಡೇ ಆಸ್ಪತ್ರೆಯವರೆಗೆ ನಡೆದಳಂತೆ. ಡಾಕ್ಟರು ಕಂಬಳಿ ಬಿಚ್ಚಿ ನೋಡಿ ಮತ್ತೆ ಮುಚ್ಚಿದರಂತೆ. ಕೇಳಿ ನಾನು ಅಳಲಿಲ್ಲ. ಮುಂದಿನವನಿಗೆ ಟಿಕೆಟ್ ಹರಿದು ಕೊಟ್ಟೆ. ಅವತ್ತಿನಿಂದ ನನಗೆ ಏನೂ ನಾಟುವುದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಇದ್ದೇನೆ. ಮಗ ಹತ್ತನೆಯದು ಪಾಸಾದಾಗಲೂ ಅಷ್ಟೇ. ಅವತ್ತು ಗಂಟೆ ಹೊಡೆದವನು ನಾನೇ ಎಂದು ಅವಳಿಗೆ ಹೇಳಬೇಕು ಅನ್ನುವುದೊಂದೇ ಒಳಗೆ ಉಳಿದಿತ್ತು. ಅದನ್ನೂ ಹೇಳಿರಲಿಲ್ಲ.

ಬಾಳಾಸಾಬ ಮೈಕ್ ಹಿಡಿದ. "ಈಕಿ ಕೆಂಪವ್ವ! ವಾರಾ ಸಂತಿಗೆ ಬೆಣ್ಣಿ ಹೊತ್ಕೊಂಡು ನಡಕೋತ ಬರತಾಳ. ಬಾಜೂಕ ಬಸ್ ಹೋದ್ರೂ ಕೈ ಮಾಡೂದಿಲ್ಲ! ಖರೇ ಪರಿಸರ ಪ್ರೇಮಿ ಅಂದ್ರ ಈಕಿ!"

ಜನ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. ಅಲ್ಲಿ ಶಾಲು ಇತ್ತು.

ಹೆಂಗಸರು ಬಂದು ಆಕೆಗೆ ಉಡಿ ತುಂಬಿದರು. ಅಕ್ಕಿ, ಅರಿಶಿನದ ಕೊಂಬು, ಕುಬಸದ ಕಣ, ತೆಂಗಿನಕಾಯಿ. ಮಕ್ಕಳು ಮರಿ ಆಗಲಿ, ಮಡಿಲು ತುಂಬಿರಲಿ ಎಂದು ಹರಸಿ ಹಾಕುವ ಕಾಯಿ ಅದು. ಆಕೆ ಸುಮ್ಮನೆ ಸೆರಗು ಒಡ್ಡಿದಳು. ಬದುಕಿದ್ದರೆ ಮಗುವಿಗೆ ಈಗ ಅರ್ಧ ಟಿಕೆಟ್ ಎಂದು ನನ್ನ ಹಾಳು ತಲೆ ಲೆಕ್ಕ ಹಾಕಿತು.

"ಎರಡ ಮಾತ ಹೇಳಬೇ," ಎಂದ ಬಾಳಾಸಾಬ.

"ಕಾಲ ಅದಾವು, ನಡೀತೀನ್ರಿ," ಎಂದು ಆಕೆ ಮೈಕ್ ವಾಪಸು ಕೊಟ್ಟಳು.

ನನ್ನ ಸರದಿ ಬಂತು. ನಲವತ್ತು ಫಟಫಟಿಯ ಮಾತು ಒಪ್ಪಿಸಿದೆ. ಇನ್ನೊಂದು ಮಾತು ಹೇಳದೆ ಮೈಕ್ ವಾಪಸು ಕೊಟ್ಟೆ. ಥೂ, ನನ್ನ ಬಾಳೇ. ಕೊನೆಗೆ ಎಲ್ಲರೂ ಕೈ ಎತ್ತಿ, ವಾರಕ್ಕೊಂದು ದಿನ ಮೋಟರ್‌ಸೈಕಲ್ ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು.

ಆಣೆಯ ಬಿಸಿ ಇನ್ನೂ ಆರಿರಲಿಲ್ಲ. ಸಂಜೆ ನಾಲ್ಕರ ನಮ್ಮ ಅಥಣಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದೆ ಕೆಂಪವ್ವ ನಡೆಯುತ್ತಿರುವುದು ಕಂಡಿತು. ತಲೆಯ ಮೇಲೆ ಖಾಲಿ ಗಡಿಗೆ, ಸೊಂಟದಲ್ಲಿ ಉಡಿಯ ಗಂಟು. ಬಸ್ಸಿನ ಸದ್ದಿಗೆ ರಸ್ತೆಯಿಂದ ಕೆಳಗಿಳಿದಳು, ತಿರುಗಿ ನೋಡಲಿಲ್ಲ.

ನಾನು ಒಂದು ಗಂಟೆ ಹೊಡೆದೆ.

ಸಿದರಾಯ ನಿಲ್ಲಿಸಿ ಹೊರಳಿ ನೋಡಿದ. "ಯಾರೂ ಕೈ ಮಾಡಿಲ್ಲಲ್ಲೋ ಮಾರಾಯಾ?"

"ಮಾಡ್ಯಾಳ. ಎರಡ ವರ್ಷಾತು," ಎಂದು ಕೆಳಗಿಳಿದೆ.

ಆಕೆಯ ಎದುರು ನಿಂತೆ. "ಯಕ್ಕಾ, ಅವತ್ತ ಗಂಟಿ ಹೊಡದಾಂವ ನಾನ."

"ಗೊತ್ತೈತ್ರಿ. ಹಿಂದಿನ ಬಾಗಲದಾಗ ನಿಂತಿದ್ರಿ. ಮಾರಿ ನೋಡೀನಿ."

"ಮತ್ತ ಎಲ್ಲಾರ ಮುಂದ ಯಾಕ ಅನ್ನಲಿಲ್ಲ?"

"ಅಂದಿದ್ರ ನಿಮ್ಮನ್ನ ಬಡೀತಿದ್ರು. ನಿಮ್ಮನ್ನ ಬಡದ್ರ ನಮ್ಮ ಗಿಡದ ಹಂತೇಲೆ ಬಸ್ ನಿಲ್ಲತಿತ್ತೇನ್ರಿ?"

ಕಿಟಕಿಯಿಂದ ಜನ ಗೊಣಗುತ್ತಿದ್ದರು. "ಹತ್ತ ಯಕ್ಕಾ," ಎಂದೆ. ಗಡಿಗೆ ಇಸಿದುಕೊಳ್ಳಲು ಕೈ ಚಾಚಿದೆ.

"ನಾ ಒಲ್ಯಾ. ನಾಳೆ ಯಾರರ ಕೈ ಮಾಡಿದ್ರ ನಿಲ್ಲಸ್ರಿ," ಎಂದು ಗಡಿಗೆ ಸರಿಮಾಡಿಕೊಂಡು ನಡೆದಳು.

ಮರುದಿನದಿಂದ ನಿಲ್ಲಿಸುತ್ತಿದ್ದೇನೆ. ಮೂರು ಮೆಮೋ ಬಂದವು. ಬಾಳಾಸಾಬ ಊರವರ ಸಹಿ ಹಾಕಿಸಿ ಅರ್ಜಿ ಕೊಟ್ಟ ಮೇಲೆ ಮೆಮೋ ನಿಂತು, ಗಿಡಕ್ಕೆ ತಗಡಿನ ಬೋರ್ಡ್ ಬಂತು. ವಸ್ತಿಯ ಹುಡುಗಿಯರು ಅಲ್ಲಿಂದ ಶಾಲೆಗೆ ಹೋಗುತ್ತಾರೆ. ಮುದುಕರು ಆಸ್ಪತ್ರೆಗೆ ಹೋಗುತ್ತಾರೆ. ಸಂತೆಯ ದಿನ ಕೆಂಪವ್ವ ಅದೇ ಬೋರ್ಡಿನ ಕೆಳಗಿನಿಂದ ಬೆಣ್ಣೆ ಹೊತ್ತು ಹೊರಡುತ್ತಾಳೆ. ಯಾರೂ ಕೈ ಮಾಡದಿದ್ದರೂ ನಾನು ಒಂದು ಗಂಟೆ ಹೊಡೆದು ಬಾಗಿಲು ತೆರೆಯುತ್ತೇನೆ. ಆಕೆ ಇವತ್ತಿಗೂ ಹತ್ತಿಲ್ಲ.